ಗ್ಯಾರೇಜ್ ಬಾಗಿಲ ಕೆಳಗೆ ಒಂದು ಲೋಟ ಚಹಾ

ಆ ಶನಿವಾರ ಬೆಳಿಗ್ಗೆ ಹಲಸೂರಿನ ನಮ್ಮ ಮನೆಯ ಗ್ಯಾರೇಜಿನೆದುರು ಮೂರು ಜನ ಮುದುಕರು ತಲೆ ಎತ್ತಿ ನಿಂತಿದ್ದೆವು. ಒಬ್ಬ ನಾನು. ಇನ್ನೊಬ್ಬರು ಎದುರುಮನೆಯವರು. ವಿಮಾನಪುರದ ಕಡೆ ವಿಮಾನದ ಕಾರ್ಖಾನೆಯಲ್ಲಿ ತಪಾಸಣೆ ಮಾಡಿ ಮಾಡಿ ನಿವೃತ್ತರಾದವರು, ಈಗ ನಮ್ಮ ಬೀದಿಯನ್ನೇ ತಪಾಸಣೆ ಮಾಡಿಕೊಂಡಿದ್ದಾರೆ. ಮೂರನೆಯವರು ಶಿವಾಜಿನಗರದಿಂದ ತಮ್ಮ ಸ್ಕೂಟರಿನಲ್ಲಿ ಬಂದ ಶಟರ್ ಮಿಸ್ತ್ರಿ. ಬಿಳಿ ಗಡ್ಡ, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲು, ಕಾಲ ಬಳಿ ಗೋಣಿಚೀಲದಲ್ಲಿ ಸಾಮಾನು. ನಾಲ್ಕನೆಯವಳು ಅಲ್ಲಿರಲಿಲ್ಲ, ಆದರೆ ಇದ್ದ ಹಾಗೇ ಲೆಕ್ಕ. ನನ್ನ ಹೆಂಡತಿ ಆಸ್ಪತ್ರೆಯ ಮಂಚದ ಮೇಲಿಂದ ಗಂಟೆಗೊಂದು ಸಲ ಫೋನ್ ಮಾಡಿ ವಿಚಾರಿಸುತ್ತಿದ್ದಳು.

ವಿಚಾರ ಇಷ್ಟೇ. ಬಚ್ಚಲ ಮನೆಯಲ್ಲಿ ಕಾಲು ಜಾರಿ ಅವಳ ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಗಿ ಶನಿವಾರ ಸಂಜೆ ಮನೆಗೆ ಕಳಿಸುತ್ತೇವೆ ಅಂದಿದ್ದರು. ಗಾಲಿಕುರ್ಚಿಯಲ್ಲೇ ಬರಬೇಕು, ಇನ್ನೂ ಕಾಲೂರುವ ಹಾಗಿಲ್ಲ. ನಮ್ಮ ಮನೆಗೆ ಮುಂದುಗಡೆ ಏಳು ಕಲ್ಲಿನ ಮೆಟ್ಟಿಲು. ಒಂದೊಂದೂ ಮೊಣಕಾಲೆತ್ತರ, ನಡುವೆ ಒಂದು ತಿರುವು. ಗ್ಯಾರೇಜಿಗಾದರೆ ರಸ್ತೆಯಿಂದ ಸಪಾಟು ನೆಲ, ಒಳಗಿಂದ ಅಡಿಗೆಮನೆಗೆ ಇಳಿಜಾರಿನ ಹಾದಿ. ಕುರ್ಚಿ ಸಲೀಸಾಗಿ ಉರುಳಿಕೊಂಡು ಹೋಗುತ್ತೆ. ಹಾಗಂತ ಅವಳೇ ಮಲಗಿದಲ್ಲಿಂದ ಲೆಕ್ಕ ಹಾಕಿ ಇಟ್ಟಿದ್ದಳು. ಆ ಲೆಕ್ಕಕ್ಕೆ ಕಲ್ಲು ಬಿದ್ದದ್ದು ಶುಕ್ರವಾರ. ಕಾರು ತೆಗೆಯೋಣ ಅಂತ ನಾನು ಗ್ಯಾರೇಜಿನ ಬಾಗಿಲನ್ನು ಎತ್ತಿದ್ದೇ ತಡ, ಎಡಗಡೆ ಪಟೀರ್ ಅಂತ ಶಬ್ದ. ಅರ್ಧ ಮೇಲೆ ಹೋದ ಬಾಗಿಲು ಒಂದು ಭುಜ ಇಳಿದವರ ಹಾಗೆ ಓರೆಯಾಗಿ ಸಿಕ್ಕಿಹಾಕಿಕೊಂಡಿತು. ಎತ್ತಿದರೆ ಏಳದು, ಇಳಿಸಿದರೆ ಇಳಿಯದು.

ಆ ಬಾಗಿಲಿನ ಬಗ್ಗೆ ಒಂದು ಮಾತು ಹೇಳಬೇಕು. ಇದು ನನ್ನ ಮಾವನವರು ಒಬ್ಬ ಆಂಗ್ಲೋ-ಇಂಡಿಯನ್ ಮನೆತನದಿಂದ ಕೊಂಡ ಮನೆ. ಅವರ ಕಾಲದ ತೇಗದ ಹಲಗೆಯ ಬಾಗಿಲು. ಈಗಿನ ಹಾಗೆ ಸುರುಳಿ ಸುತ್ತಿಕೊಳ್ಳುವುದಿಲ್ಲ, ಇಡಿಯಾಗಿ ಮೇಲೆದ್ದು ಸೂರಿನ ಕೆಳಗೆ ಮಲಗಿಬಿಡುತ್ತೆ. ಬಾಗಿಲಿನ ಕೆಳಮೂಲೆಗಳಲ್ಲಿ ಎರಡು ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ಉಕ್ಕಿನ ತಂತಿಹಗ್ಗ, ಅದು ಮೇಲಿನ ರಾಟೆ ಹತ್ತಿ ಆ ಕಡೆ ಇಳಿದರೆ ತುದಿಯಲ್ಲಿ ಕಬ್ಬಿಣದ ಗುಂಡು. ಬಾವಿಯಲ್ಲಿ ನೀರು ಸೇದುವ ಹಗ್ಗದ ಉಪಾಯವೇ. ಗುಂಡು ಇಳಿದರೆ ಬಾಗಿಲು ಏರುತ್ತೆ. ಒಂದು ಕೈಯಲ್ಲಿ ಎತ್ತಬಹುದು. ಮನೆ ಅವಳ ತಂದೆಯದ್ದಾದ್ದರಿಂದ ಬೀದಿಯವರಿಗೆಲ್ಲ ನಾನು ಇವತ್ತಿಗೂ ‘ಅಳಿಯಂದಿರು’. ಎಪ್ಪತ್ತು ತುಂಬಿದ ಅಳಿಯ.

ಮಗಳು ಆಸ್ಪತ್ರೆಯಲ್ಲಿ ತಾಯಿಯ ಜೊತೆಗಿದ್ದಳು. ಬಾಗಿಲು ಕೆಟ್ಟಿತು ಅಂದಾಗ, “ಅದಕ್ಕೇನಪ್ಪಾ, ನಾಲ್ಕು ಜನ ಸೇರಿ ಕುರ್ಚಿ ಸಮೇತ ಮೆಟ್ಟಿಲ ಮೇಲೆ ಎತ್ಕೊಂಡು ಹೋದ್ರಾಯ್ತು” ಅಂದಳು. ಪಕ್ಕದಿಂದ ಫೋನು ಕಸಿದುಕೊಂಡ ಸದ್ದು.

“ರೀ, ಕೇಳಿ ಇಲ್ಲಿ. ನಾಲ್ಕು ಜನ ಹೊತ್ಕೊಂಡು ಹೋಗೋದು ಇದ್ದೇ ಇದೆ. ಅದಕ್ಕೆ ಈಗ್ಲೇ ಏನು ಅವಸರ? ಆ ಮೆಟ್ಟಿಲ ಮೇಲೆ ನನ್ನನ್ನ ಯಾರೂ ಹೊರಕೂಡದು.”

ಅವಳ ತಾಯಿಯನ್ನು ಅದೇ ಏಳು ಮೆಟ್ಟಿಲುಗಳ ಮೇಲೆ ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ಇಳಿಸಿದ್ದೆವು. ಹಿಂದಿನ ಬಲಗಾಲು ಹಿಡಿದಿದ್ದವನು ನಾನೇ. ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಇವಳು ಮೆಟ್ಟಿಲ ತಲೆಯಲ್ಲಿ ನಿಂತು ನೋಡಿದ್ದಳು. ಆಮೇಲೆ ಆ ಮಾತನ್ನು ಒಂದು ದಿನವೂ ಆಡಿದವಳಲ್ಲ, ಹಾಗಾಗಿ ಮರೆತಿದ್ದಾಳೆ ಅಂತ ನಾನು ಅಂದುಕೊಂಡಿದ್ದೆ.

ಶುಕ್ರವಾರ ಮಧ್ಯಾಹ್ನವೇ ಬಾಗಿಲು ರಿಪೇರಿ ಹುಡುಕಿಕೊಂಡು ಹೊರಟೆ. ಇಂದಿರಾನಗರದ ಅಂಗಡಿಯವನು ಫೋಟೋ ನೋಡಿ, “ಅಂಕಲ್, ಇದನ್ನ ಕಿತ್ತಾಕಿ ಮೋಟಾರ್ ಶಟರ್ ಹಾಕ್ಸಿ, ನಾಲ್ಕು ದಿನದಲ್ಲಿ ಆಗುತ್ತೆ” ಅಂದ. ನನ್ನ ಹತ್ತಿರ ಇದ್ದದ್ದು ಒಂದು ದಿನ. ಅಲ್ಲಿಂದ ಶಿವಾಜಿನಗರ. ಹಳೇ ಗಾಡಿ ಸಾಮಾನಿನ ಗಲ್ಲಿಯಲ್ಲಿ ಕೇಳುತ್ತ ಕೇಳುತ್ತ ಹೋದಾಗ ಈ ಮಿಸ್ತ್ರಿ ಸಿಕ್ಕರು. ಎರಡಾಳು ಅಗಲದ ಅಂಗಡಿ, ಗೋಡೆ ತುಂಬ ತಂತಿಯ ಸುರುಳಿಗಳು. ಫೋಟೋ ನೋಡಲಿಲ್ಲ.

“ಗುಂಡು ಕಬ್ಬಿಣದ್ದಾ ಕಲ್ಲಿಂದಾ ಸ್ವಾಮಿ?”

“ಕಬ್ಬಿಣದ್ದು.”

“ಒಂದು ವೈರ್ ಕಟ್ಟಾ, ಎರಡೂನಾ?”

“ಒಂದೇ. ಇನ್ನೊಂದು ಗಟ್ಟಿಮುಟ್ಟಾಗಿದೆ” ಅಂದೆ. ಯಾರೂ ಕೇಳದಿದ್ದರೂ, “ವರ್ಷಾ ವರ್ಷಾ ಚೆನ್ನಾಗಿ ನೋಡ್ಕೊಂಡಿದ್ದೀವಿ” ಅಂತ ಬೇರೆ ಸೇರಿಸಿದೆ.

ಶನಿವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ಬಂದರು. ಮೊದಲು ಓರೆ ಬಾಗಿಲಿಗೆ ಎರಡು ಸರ್ವೆ ಕಂಬ ಆನಿಸಿ, ಕಾರಿನ ಜಾಕಿ ಕೊಟ್ಟು, ಹಸುವನ್ನು ಏಳಿಸುವ ಹಾಗೆ ‘ಏಳಮ್ಮಾ, ಏಳು’ ಅನ್ನುತ್ತ ಇಂಚಿಂಚಾಗಿ ಸಮ ಮಾಡಿದರು. ನಮ್ಮ ಎದುರುಮನೆಯವರು ಅಷ್ಟರಲ್ಲಿ ಒಂದು ಕುರ್ಚಿ ತಂದು ಹಾಕಿಕೊಂಡಿದ್ದರು.

“ಕಂಬ ಇನ್ನೂ ಎರಡಿಂಚು ಒಳಗೆ ಬರ್ಬೇಕಿತ್ತು.”

“ಬರ್ಬೋದು ಸಾರ್. ನೀವು ಬಂದು ಹಿಡ್ಕೊಂಡ್ರೆ ಬರುತ್ತೆ” ಅಂದರು ಮಿಸ್ತ್ರಿ, ತಿರುಗಿಯೂ ನೋಡದೆ.

ತುಂಡಾದ ಹಗ್ಗದ ತುದಿಯನ್ನು ಬೆಳಕಿಗೆ ಹಿಡಿದು ಮಿಸ್ತ್ರಿ ಬಹಳ ಹೊತ್ತು ನೋಡಿದರು. ಕಡಿದದ್ದು ರಾಟೆಯ ಹತ್ತಿರ ಅಲ್ಲ, ಕೆಳಗಿನ ಕೊಕ್ಕೆಯಿಂದ ಒಂದು ಗೇಣು ಮೇಲೆ. ಅಲ್ಲಿ ಕಂದುಬಣ್ಣದ ಒಂದು ಗಂಟು ಕಚ್ಚಿಕೊಂಡಿತ್ತು. ಉಗುರಲ್ಲಿ ಕೆರೆದರು. ನೂಲು ಬಂತು. ಇನ್ನೂ ಕೆರೆದರು. ಇನ್ನೊಂದು ನೂಲು, ಅದರ ಕೆಳಗೆ ಇನ್ನೊಂದು, ನಡುವೆ ಗಟ್ಟಿಯಾದ ಕುಂಕುಮ, ಪುಡಿಪುಡಿಯಾದ ಹೂವಿನ ಎಸಳು.

“ಇದೇನ್ ಸ್ವಾಮಿ, ಹಾರ?”

ನನಗೆ ಆಗ ಹೊಳೆಯಿತು. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ದುಡಿಯುವುದಕ್ಕೆಲ್ಲ ಪೂಜೆ. ಕಾರು, ಗ್ರೈಂಡರು, ಹೊಲಿಗೆ ಮಿಷನ್ನು, ಇಸ್ತ್ರಿಪೆಟ್ಟಿಗೆ. ‘ಪಾಪ, ದಿನಾ ಎತ್ತಿ ಇಳಿಸುತ್ತೆ, ಇದೂ ದುಡಿಯುತ್ತೆ ಅಲ್ವಾ’ ಅಂತ ಬಾಗಿಲಿನ ಎರಡು ಹಗ್ಗಕ್ಕೂ ನನ್ನ ಹೆಂಡತಿ ಅರಿಸಿನ ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಒಂದೊಂದು ಮೊಳ ಸೇವಂತಿಗೆ ಬಿಗಿಯಾಗಿ ಕಟ್ಟುತ್ತಿದ್ದಳು. ರಾಟೆಗೆ ಸಿಕ್ಕಬಾರದು ಅಂತ ಬಾಗಿಲ ಪಾದದ ಹತ್ತಿರ, ಪ್ರತಿ ವರ್ಷ ಅದೇ ಜಾಗದಲ್ಲಿ. ಹಾರ ಒಣಗಿ ಉದುರಿಹೋಗುತ್ತಿತ್ತು, ನೂಲು ಉಳಿಯುತ್ತಿತ್ತು. ಮರುವರ್ಷ ಅದರ ಮೇಲೇ ಹೊಸ ಹಾರ. ಮೂವತ್ತು ವರ್ಷದ ನೂಲು ಅರಿಸಿನದ ನೀರು ಕುಡಿದು ಕುಡಿದು ಒಳಗಿನ ಉಕ್ಕನ್ನು ತಿಂದುಹಾಕಿತ್ತು.

ಹೇಳಿದೆ. ಎದುರುಮನೆಯವರು ತೊಡೆ ತಟ್ಟಿಕೊಂಡು ನಕ್ಕರು. “ಅಳಿಯಂದ್ರೇ, ವಿಮಾನಕ್ಕೂ ನಾವು ಪೂಜೆ ಮಾಡ್ತಿದ್ವಿ. ಆದ್ರೆ ಹಾರ ಮೂತಿಗೆ ಹಾಕ್ತಿದ್ವಿ, ಕೇಬಲ್ಲಿಗಲ್ಲ!”

ಮಿಸ್ತ್ರಿ ನಗಲಿಲ್ಲ. ಆ ನೂಲಿನ ಗಂಟನ್ನು ಕಾಲ ಕೆಳಗೆ ಬೀಳಿಸದೆ ಒಂದು ಕಾಗದದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ಆಮೇಲೆ ಕೆಲಸಕ್ಕೆ ಇಳಿದರು. ಹೊಸ ತಂತಿಹಗ್ಗ ಅಳತೆಗೆ ಕತ್ತರಿಸಿ, ತುದಿ ಬಿಚ್ಚಿಕೊಳ್ಳದಂತೆ ಸುತ್ತಿ, ಕಬ್ಬಿಣದ ಕುಣಿಕೆಯೊಳಗೆ ಮಡಿಸಿ, ಹಗ್ಗ ಕಚ್ಚಿ ಹಿಡಿಯುವ ಮೂರು ನಟ್ಟಿನ ಹಿಡಿಕೆಗಳಿಂದ ಬಿಗಿದರು. ಎದುರುಮನೆಯವರು ಮೂರೂ ಹಿಡಿಕೆಗಳ ಬಾಯಿ ಒಂದೇ ಕಡೆ ಇದೆಯೇ ಅಂತ ಬಗ್ಗಿ ನೋಡಿದರು. ಇತ್ತು. ಅದರಿಂದ ಅವರಿಗೆ ಸ್ವಲ್ಪ ಬೇಸರವೇ ಆಯಿತು ಅನ್ನಿಸುತ್ತೆ.

ಹನ್ನೆರಡೂವರೆಗೆ ಬಾಗಿಲು ಮೇಲೆದ್ದಿತು. ನೇರವಾಗಿ, ಸದ್ದಿಲ್ಲದೆ. ನನಗೆ ಕಣ್ಣು ಮಂಜಾಯಿತು. ಒಳಗೆ ಹೋಗಿ ಮೂರು ಲೋಟ ಚಹಾ ಮಾಡಿಕೊಂಡು ಬಂದೆ.

“ಶಿವಾಜಿನಗರದಲ್ಲಿ ಎಲ್ಲಾರ್ಗೂ ಗೊತ್ತು” ಅಂದರು ಎದುರುಮನೆಯವರು. ಈ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ. “ಇವರು ಶಟರ್ ರಿಪೇರಿ ಮಾಡಿದ್ಮೇಲೆ ಅದರ ಕೆಳಗೇ ಕೂತು ಚಹಾ ಕುಡೀತಾರೆ. ಹೌದೇನ್ರೀ?”

“ಹೌದು ಸಾರ್. ನಮ್ಮ ಉಸ್ತಾದ್ ಕಲಿಸಿದ್ದು. ಪೂರಾ ಒಂದು ಲೋಟ. ಅರ್ಧದಲ್ಲಿ ಏಳೋ ಹಾಗಿಲ್ಲ. ನೀನು ಕೂರದ ಜಾಗದಲ್ಲಿ ಬೇರೆಯವರ ಮಕ್ಕಳನ್ನ ನಡೆಸ್ಬೇಡ ಅಂತಿದ್ರು.”

ಲೋಟ ಹಿಡಿದು ಬಾಗಿಲ ಕೆಳಗೆ ಹೋದರು. ಕೂರುವ ಮುಂಚೆ, ಯಾಕೋ ಲೋಟವನ್ನು ನೆಲಕ್ಕಿಟ್ಟು ಬಲಗಡೆಯ ಹಗ್ಗದ ಮೇಲೆ ಅಂಗೈ ಇಟ್ಟು, ಇನ್ನೊಂದು ಕೈಯಿಂದ ಬಾಗಿಲನ್ನು ಒಂದು ಚೂರು ಇಳಿಸಿ ಎತ್ತಿದರು. ಹಾಗೇ ನಿಂತರು. ಮತ್ತೊಮ್ಮೆ ಇಳಿಸಿ ಎತ್ತಿದರು. ಲೋಟವನ್ನು ತಂದು ಕಾರಿನ ಬಾನೆಟ್ಟಿನ ಮೇಲಿಟ್ಟರು.

“ಚಹಾ ಬೇಡ ಸ್ವಾಮಿ.”

“ಯಾಕೆ, ಸಕ್ಕರೆ ಜಾಸ್ತಿಯಾಯ್ತಾ?”

“ನಾನು ಮಾಡಿದ್ದು ಸರಿ ಇದೆ. ಈ ಕಡೇದು ನಾನು ಮಾಡಿದ್ದಲ್ಲ. ಹಾರ ಎರಡಕ್ಕೂ ಕಟ್ತಿದ್ರು ಅಂದ್ರಲ್ಲ?”

ಎದುರುಮನೆಯವರು ಎದ್ದು ರಸ್ತೆ ದಾಟಿ ಹೋದರು. ಬರುವಾಗ ಕೈಯಲ್ಲಿ ಹಳೇ ಪಂಚೆಯ ತುಂಡು. ತೊಳೆದು ತೊಳೆದು ಹೂವಿನಂತಾದ ಬಟ್ಟೆ. “ನಮ್ಮಲ್ಲಿ ಕೇಬಲ್ ನೋಡೋದು ಹೀಗೆ. ಕಣ್ಣು ಸುಳ್ಳು ಹೇಳುತ್ತೆ” ಅಂದು ಬಾಗಿಲನ್ನು ಅರ್ಧಕ್ಕೆ ಇಳಿಸಿ, ಅದನ್ನು ಬಲಗಡೆಯ ಹಗ್ಗದ ಸುತ್ತ ಹಿಡಿದು ಮೇಲಿಂದ ಮೆಲ್ಲಗೆ ಸವರಿಕೊಂಡು ಬಂದರು. ಮಗುವಿನ ಕಾಲು ನೀವಿದ ಹಾಗೆ. ಬಟ್ಟೆ ಜಾರುತ್ತ ಜಾರುತ್ತ ಬಂದು, ಕೊಕ್ಕೆಯಿಂದ ಗೇಣು ಮೇಲೆ ಚರ್ ಅಂತ ಸಿಕ್ಕಿಕೊಂಡಿತು. ಕಡಿದ ಎಳೆಗಳ ಮುಳ್ಳು ಬಟ್ಟೆಯನ್ನು ಹಿಡಿದಿದ್ದವು. ಮಿಸ್ತ್ರಿ ಗಂಟನ್ನು ಕೆರೆದು ತೆಗೆದರು. ಏಳು ಎಳೆಯ ಹಗ್ಗದಲ್ಲಿ ಉಳಿದಿದ್ದದ್ದು ಎರಡು.

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆ ಎರಡು ಎಳೆಯ ಕೆಳಗೆ ಸಂಜೆ ಅವಳ ಕುರ್ಚಿ ತಳ್ಳಿಕೊಂಡು ಬರುತ್ತಿದ್ದವನು ನಾನು.

“ಇನ್ನೊಂದು ಹಗ್ಗ ಹಾಕಿ” ಅಂದೆ.

“ನೀವು ಒಂದೇ ಅಂದ್ರಿ ಸ್ವಾಮಿ. ಒಂದಕ್ಕೇ ತಂದೆ.”

ಬೈಗುಳ ಏನಾದರೂ ಬಂದಿದ್ದರೆ ಹಗುರಾಗುತ್ತಿತ್ತು. ಅವರು ಗಡಿಯಾರ ನೋಡಿಕೊಂಡು ಬಾಗಿಲಿಗೆ ಮತ್ತೆ ಕಂಬ ಆನಿಸಿ ಸ್ಕೂಟರ್ ಹತ್ತಿದರು. ಎದುರುಮನೆಯವರು, “ಇರಿ, ಸುರುಳಿ ನಾನೇ ನೋಡಿ ಆರಿಸ್ತೀನಿ” ಅಂತ ಹಿಂದೆ ಕೂತರು. ‘ಸಾರ್, ನನ್ನ ಸೊಂಟ ಬಿಟ್ಟು ಸೀಟು ಹಿಡ್ಕೊಳ್ಳಿ’ ‘ನೀವು ಹಳ್ಳ ಬಿಟ್ಟು ರಸ್ತೇಲಿ ಹೋಗಿ’ ಅಂತ ತಿರುವಿನವರೆಗೂ ಕೇಳಿಸುತ್ತಿತ್ತು.

ಅವರು ಹೋದ ಹತ್ತು ನಿಮಿಷಕ್ಕೆ ಫೋನು.

“ಬಾಗಿಲು ಆಯ್ತಾ?”

“ಆಗ್ತಾ ಇದೆ.”

“ಆಗ್ತಾ ಇದೆ ಅಂದ್ರೆ ಆಗಿಲ್ಲ ಅಂತ.”

“ಎಡಗಡೆ ಆಯ್ತು. ಬಲಗಡೆ ಸ್ವಲ್ಪ…”

“ಬಲಗಡೆ ಏನಾಗಿತ್ತು? ನೀವು ಮುಟ್ಟಿದ್ರಾ?”

“ಇಲ್ಲ ಕಣೇ.”

“ನನಗೆ ಭಯ ಆಗುತ್ತೆ ರೀ” ಅಂದಳು. ಆಪರೇಷನ್ ಥಿಯೇಟರಿಗೆ ಹೋಗುವಾಗಲೂ ಆಡದ ಮಾತು. “ಆ ಮೆಟ್ಟಿಲಾದ್ರೆ ಬೇಡ. ಆಗ್ಲಿಲ್ಲ ಅಂದ್ರೆ ಇಲ್ಲೇ ಇನ್ನೊಂದು ವಾರ ಇರ್ತೀನಿ.”

“ನೀನು ಬಾ. ಬಾಗಿಲು ಆಗಿರುತ್ತೆ” ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಅವರಿಬ್ಬರೂ ವಾಪಸಾದಾಗ ಮೂರೂ ಕಾಲು. ವಾಹನಗಳ ನಡುವೆ ಸಿಕ್ಕಿಕೊಂಡು ಬೆವೆತಿದ್ದರು, ಆದರೆ ಜಗಳ ಮುಗಿದು ಎಲ್ಲೋ ಸ್ನೇಹ ಶುರುವಾಗಿತ್ತು. ಬಲಗಡೆಯ ಕೆಲಸ ಇಬ್ಬರೂ ಸೇರಿಯೇ ಮಾಡಿದರು. ಒಬ್ಬರು ಬಿಗಿದರು, ಒಬ್ಬರು ಸವರಿ ನೋಡಿದರು. ನಾನು ಸ್ಪ್ಯಾನರ್ ಕೊಡುವವನು. ಕೊನೆಯ ಹಿಡಿಕೆ ಬಿಗಿಯುತ್ತಿದ್ದಾಗಲೇ ಬಾಡಿಗೆ ಕಾರು ಬಂದು ಗ್ಯಾರೇಜಿನೆದುರು ನಿಂತಿತು. ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಅವಳು, ಪಕ್ಕದಲ್ಲಿ ಮಗಳು. ಗಾಜು ಇಳಿಸಿದಳು.

“ಆಯ್ತಾ?”

“ಹತ್ತು ನಿಮಿಷ ಅಮ್ಮಾ” ಅಂದರು ಮಿಸ್ತ್ರಿ, ಏಣಿಯ ಮೇಲಿಂದ.

“ನಿಧಾನ ಆಗ್ಲಿ. ನಾನೆಲ್ಲಿಗೂ ಓಡೋದಿಲ್ಲ.”

ಕಂಬ ತೆಗೆದರು. ಬಾಗಿಲನ್ನು ಮೂರು ಸಲ ಇಳಿಸಿ ಮೂರು ಸಲ ಎತ್ತಿದರು. ನಾನು ಕೇಳುವ ಮುಂಚೆಯೇ ಮಿಸ್ತ್ರಿ, “ಸ್ವಾಮಿ, ಈಗ ಚಹಾ” ಅಂದರು. ಬಿಸಿ ಮಾಡಿ ತಂದುಕೊಟ್ಟೆ. ಹೊಸ್ತಿಲ ಮೇಲೆ ಗೋಣಿಚೀಲ ಹಾಸಿಕೊಂಡು, ಮೇಲೆ ಆ ತೇಗದ ಹಲಗೆಯ ಭಾರವನ್ನೆಲ್ಲ ಇಟ್ಟುಕೊಂಡು, ಅವರು ಕೂತು ಕುಡಿದರು. ಊದಿ ಊದಿ, ಗುಟುಕು ಗುಟುಕಾಗಿ. ಡ್ರೈವರು, “ಗುರೂ, ಇನ್ನೊಂದು ಟ್ರಿಪ್ ಇದೆ, ಬೇಗ” ಅಂದ.

“ಇರಪ್ಪ, ಅವರು ಕುಡಿದು ಮುಗಿಸ್ಲಿ” ಅಂದಳು ಕಾರಿನೊಳಗಿಂದ. ಯಾರೂ ಅವಳಿಗೆ ಆ ಪದ್ಧತಿಯ ವಿಷಯ ಹೇಳಿರಲಿಲ್ಲ. ನೋಡುತ್ತಲೇ ತಿಳಿದುಕೊಂಡಿದ್ದಳು.

ಮಿಸ್ತ್ರಿ ಖಾಲಿ ಲೋಟ ಬೋರಲು ಹಿಡಿದು ತೋರಿಸಿ ಎದ್ದರು. ಮಗಳೂ ನಾನೂ ಅವಳನ್ನು ಡಿಕ್ಕಿಯಿಂದ ಇಳಿಸಿದ ಗಾಲಿಕುರ್ಚಿಗೆ ಜಾರಿಸಿದೆವು. ನಾನು ತಳ್ಳಿದೆ. ಸರಿಯಾಗಿ ಬಾಗಿಲ ಕೆಳಗೆ ಬಂದಾಗ ಅವಳು ಕೈಯೆತ್ತಿದಳು.

“ನಿಲ್ಲಿಸಿ. ನನಗೂ ಚಹಾ.”

“ಒಳಗೆ ಹೋಗಿ ಕುಡಿಯೋಣ ಅಮ್ಮಾ” ಅಂದಳು ಮಗಳು.

“ಇಲ್ಲೇ.”

ತಂದುಕೊಟ್ಟೆ. ಆಸ್ಪತ್ರೆಯ ಚಹಾವನ್ನು ಬೈಯುತ್ತ, ನನ್ನ ಚಹಾಕ್ಕೆ ಶುಂಠಿ ಕಮ್ಮಿ ಅನ್ನುತ್ತ, ಹೋಗಿ ಬರುವವರಿಗೆ ತಲೆಯಾಡಿಸುತ್ತ ಪೂರ್ತಿ ಲೋಟ ಕುಡಿದಳು. ಹೊಸ ಹಗ್ಗ ಮಿರಮಿರ ಅನ್ನುತ್ತಿತ್ತು. ಅದನ್ನು ನೋಡಿ, “ಅಂತೂ ಏನಾಗಿತ್ತು ಇದಕ್ಕೆ?” ಅಂದಳು.

“ಹಳೇದಾಗಿತ್ತು” ಅಂದೆ ನಾನು.

“ನಿಮ್ಮ ಭಕ್ತಿ ಜಾಸ್ತಿಯಾಗಿತ್ತು” ಅಂದರು ಎದುರುಮನೆಯವರು, ಅದೇ ಉಸಿರಿನಲ್ಲಿ. ತಡೆಯೋಣ ಅಂತ ನಾನು ಕಣ್ಣು ಬಿಟ್ಟರೂ ಪ್ರಯೋಜನವಾಗಲಿಲ್ಲ. ಹಾರ, ಅರಿಸಿನದ ನೀರು, ಏಳರಲ್ಲಿ ಎರಡೆಳೆ, ಎಲ್ಲವನ್ನೂ ಒಂದು ವರದಿಯ ಹಾಗೆ ಒಪ್ಪಿಸಿಬಿಟ್ಟರು. ಅವಳ ಮುಖ ಚಿಕ್ಕದಾಯಿತು. ತಲೆಯ ಮೇಲಿನ ಬಾಗಿಲನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದಳು. ಎಷ್ಟು ವರ್ಷ ಮಗಳು ಇದರ ಕೆಳಗೆ ಸೈಕಲ್ಲು ಹೊಡೆದುಕೊಂಡು ಹೋಗಿ ಬಂದಿದ್ದಾಳೆ ಅಂತ ಅವಳು ಎಣಿಸುತ್ತಿರುವುದು ನನಗೆ ಕಾಣಿಸಿತು.

ಆಗ ಮಿಸ್ತ್ರಿ ಸಾಮಾನು ಕಟ್ಟುತ್ತ ಹೇಳಿದರು, “ಅಮ್ಮಾ, ನಮ್ಮ ಗಲ್ಲಿಯಲ್ಲಿ ವೈರಿಗೆ ಎಣ್ಣೆ ಹಾಕೋರೂ ಇಲ್ಲ. ನೀವು ಹೂವಾದ್ರೂ ಹಾಕಿದ್ರಿ. ಮುಂದಿನ ಸಲ ಬಾಗಿಲ ಹಲಗೆಗೆ ಹಾಕಿ, ಅಷ್ಟೇ.”

ಅವಳು ನನ್ನ ಕಡೆ ತಿರುಗಿದಳು. “ಕಟ್ಟೋದು ನಾನು ಅಂತಿಟ್ಕೊಳ್ಳಿ. ಮೂವತ್ತು ವರ್ಷದಲ್ಲಿ ಒಂದು ಸಲ ಬಿಚ್ಚೋಣ ಅಂತ ಈ ಮನೆ ಅಳಿಯನಿಗೆ ಅನ್ನಿಸ್ಲಿಲ್ವಾ?” ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ. ನಕ್ಕು ಆಪರೇಷನ್ನಿನ ಹೊಲಿಗೆ ಜಗ್ಗಿ ‘ಅಯ್ಯಮ್ಮಾ’ ಅಂದಳು. ಕುರ್ಚಿ ಇಳಿಜಾರು ಹತ್ತಿ ಅಡಿಗೆಮನೆ ಸೇರಿತು.

ಎರಡು ತಿಂಗಳಾದ ಮೇಲೆ ಒಂದು ದಿನ ಮಿಸ್ತ್ರಿ ಫೋನ್ ಮಾಡಿದರು. ಮಾತು ತಡವರಿಸುತ್ತಿತ್ತು. ಅವರ ಮನೆಯಾಕೆಗೆ ಮಂಡಿಯ ಆಪರೇಷನ್ ಆಗಬೇಕು ಅಂದಿದ್ದಾರಂತೆ. ಆಕೆ ಒಪ್ಪುತ್ತಿಲ್ಲ. ಕೊಯ್ದರೆ ಆಮೇಲೆ ಬದುಕಿರುವವರೆಗೂ ಬೇರೆಯವರೇ ಎತ್ತಿ ಕೂರಿಸಬೇಕು ಅಂತ ಯಾರೋ ಹೆದರಿಸಿದ್ದಾರೆ. ಅಮ್ಮಾವ್ರು ಫೋನಿನಲ್ಲಿ ಒಂದು ಮಾತು ಹೇಳಬಹುದಾ?

“ಫೋನಲ್ಲಿ ಕಾಲು ಕಾಣಲ್ಲ” ಅಂದಳು ನನ್ನ ಹೆಂಡತಿ. ಕೋಲು ಹಿಡಿದಳು. ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆವು.

ಅವರದು ಮಹಡಿ ಮನೆ. ಗೋಡೆಗೆ ಅಂಟಿಕೊಂಡ ಕಿರಿದಾದ ಮೆಟ್ಟಿಲು, ಹಿಡಿಯಲು ಒಂದು ಪೈಪು. ಮಿಸ್ತ್ರಿ ಗಾಬರಿಯಾಗಿ, “ಅಮ್ಮಾ, ನೀವು ಹತ್ಬೇಡಿ, ಆಕೇನೇ ಕೆಳಗೆ ಕರ್ಕೊಂಡು ಬರ್ತೀನಿ” ಅಂದರು. ಇವಳು ಕೋಲನ್ನು ನನ್ನ ಕೈಗೆ ಕೊಟ್ಟು ಪೈಪು ಹಿಡಿದಳು. ಒಳ್ಳೇ ಕಾಲು ಮೊದಲು, ಆಮೇಲೆ ಇನ್ನೊಂದು. ನಡುವೆ ಎರಡು ಸಲ ನಿಂತಳು. ಹದಿನಾಲ್ಕು ಮೆಟ್ಟಿಲು. ಮೇಲಿನ ಬಾಗಿಲಲ್ಲಿ ಆಕೆ ದುಪಟ್ಟದ ತುದಿ ಕಚ್ಚಿಕೊಂಡು ನಿಂತು ಒಂದೊಂದು ಮೆಟ್ಟಿಲನ್ನೂ ನೋಡುತ್ತಿದ್ದರು. ಕಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿಗೆ ಅವರ ಉರ್ದು ಬರುತ್ತೆ. ಇಬ್ಬರೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಂದೂವರೆ ಗಂಟೆ ಮಾತಾಡಿದರು.

ಮುಂದಿನ ಬುಧವಾರ ಆಕೆ ಆಸ್ಪತ್ರೆಗೆ ಸೇರಿದರು.